ಮಲ್ಪೆಯಲ್ಲಿ ಅಪ್ಪ ನೋಡಿದ್ದು ಗಾಳಿ

“ಈಗ ಎಂತಕ್ಕೆ ಬಂದದ್ದು ನೀವು?”

ಮಲ್ಪೆ ಬೀಚ್‌ನಲ್ಲಿ ನಮಗೆ ಸಿಕ್ಕ ಮೊದಲ ಸ್ವಾಗತ ಇದು. ಕೇಳಿದ್ದು ಲೈಫ್‌ಗಾರ್ಡ್. ಗದರಿಸುವ ದನಿಯೇನಲ್ಲ. ಜೂನ್ ತಿಂಗಳ ಸಂಜೆ, ಮರಳು ಮುಖಕ್ಕೆ ಹೊಡೆಯುವ ಗಾಳಿಯಲ್ಲಿ, ಅರವತ್ತು ದಾಟಿದ ಅಪ್ಪ-ಅವ್ವನನ್ನು ಕರೆದುಕೊಂಡು ನಿಂತಿದ್ದ ನನ್ನನ್ನು ನೋಡಿ ಆತನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

“ಬೋಟ್ ಎಷ್ಟು ಗಂಟೆಗೆ?” ಅಂತ ಕೇಳಿದೆ.

“ಬೋಟಾ? ಬೋಟ್ ಇಲ್ಲ ಮೇಡಂ. ಮಳೆಗಾಲ ಮುಗಿದ ಮೇಲೆ ಬನ್ನಿ. ನೀರಿಗೆ ಇಳಿಲಿಕ್ಕೂ ಇಲ್ಲ.” ಕೈ ತೋರಿಸಿದ ಕಡೆ ದಡದುದ್ದಕ್ಕೂ ಬಲೆ ಕಟ್ಟಿದ್ದರು, ಪಕ್ಕದಲ್ಲಿ ಕೆಂಪು ಬಾವುಟ ಪಟಪಟ ಹೊಡೆದುಕೊಳ್ಳುತ್ತಿತ್ತು.

ಫೋನ್‌ನಲ್ಲಿ ನಾನೊಂದು ಪಟ್ಟಿ ಮಾಡಿಕೊಂಡಿದ್ದೆ. ಒಂದು, ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟು. ಎರಡು, ಅಪ್ಪ-ಅವ್ವನನ್ನು ಸಮುದ್ರಕ್ಕಿಳಿಸಿ ಫೋಟೊ. ಮೂರು, ಪ್ಯಾರಾಸೇಲಿಂಗ್. ನಾಲ್ಕು, ಸೂರ್ಯಾಸ್ತ. ಐದು, ಹಸಿ ಮೀನಿನ ಊಟ. ಹತ್ತು ನಿಮಿಷದಲ್ಲಿ ಐದೂ ಮಣ್ಣುಪಾಲು. ಸೂರ್ಯನೇ ಇರಲಿಲ್ಲ, ಇನ್ನು ಅಸ್ತ ಎಲ್ಲಿಂದ? ಮೀನುಗಾರಿಕೆ ನಿಷೇಧ ಶುರುವಾಗಿ ಎರಡು ವಾರ ಆಗಿತ್ತು.

ಉಳಿದದ್ದು ಪಟ್ಟಿಯ ಆರನೆಯದು. ಅದನ್ನು ನಾನು ಒಂದೇ ಪದದಲ್ಲಿ ಬರೆದುಕೊಂಡಿದ್ದೆ: “ಜಮೀನು.”

ಹೊರಡುವ ಮುಂಚೆ

ನಮ್ಮದು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಒಂದು ಹಳ್ಳಿ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ. ನಾಲೆಯ ಕೊನೆ ಅಂದರೆ ಏನು ಅಂತ ಮಂಡ್ಯದವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಕನ್ನಂಬಾಡಿಯಿಂದ ಬಿಟ್ಟ ನೀರು ದಾರಿಯಲ್ಲಿ ಎಲ್ಲರ ಗದ್ದೆ ನೋಡಿಕೊಂಡು, ಮನಸ್ಸು ಬಂದರೆ ನಮ್ಮಲ್ಲಿಗೆ ಬರುತ್ತದೆ. ಮದುವೆ ಊಟದಲ್ಲಿ ಕೊನೆ ಪಂಕ್ತಿಗೆ ಕೂತವರ ಪಾಡು.

ಅಪ್ಪನದು ಒಂದೂವರೆ ಎಕರೆ. 2023ರಲ್ಲಿ ಕಟ್ಟೆ ತುಂಬಲಿಲ್ಲ. ಆ ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್, 29ಕ್ಕೆ ಕರ್ನಾಟಕ ಬಂದ್. ಟಿವಿಯಲ್ಲಿ ನಮ್ಮೂರ ಹೆಸರು, ವಾಟ್ಸಾಪ್‌ನಲ್ಲಿ ಕಾವೇರಿ ಸ್ಟೇಟಸ್ಸು, ಹೊಲದಲ್ಲಿ ಮಾತ್ರ ಕಬ್ಬು ನಿಂತಲ್ಲೇ ಒಣಗುತ್ತಿತ್ತು. ಕೊಳವೆಬಾವಿ ಮೊದಲೇ ಕೈಕೊಟ್ಟಿತ್ತು. ಆ ವರ್ಷ ಅಪ್ಪ ಮಾತು ಕಡಿಮೆ ಮಾಡಿದ. ಭಾನುವಾರ ಫೋನ್ ಮಾಡಿದರೆ “ಊಟ ಆಯ್ತಾ? ಉಂ. ಅವ್ವನ್ಗೆ ಕೊಡ್ತೀನಿ” ಅಷ್ಟೇ.

ಅದೇ ಹೊತ್ತಿಗೆ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಶುರುವಾಗಿ ನಮ್ಮ ಕಡೆ ಜಮೀನಿನ ರೇಟು ಏರುತ್ತಿತ್ತು. ಒಬ್ಬ ಬ್ರೋಕರ್ ಮನೆಗೆ ಎರಡು ಸಲ ಬಂದು ಹೋದ. ಮೈಸೂರಿನಲ್ಲಿರುವ ನನ್ನ ತಮ್ಮ ಮನೆ ಕಟ್ಟಿಸಲು ಸಾಲಕ್ಕೆ ಓಡಾಡುತ್ತಿದ್ದ. ಅವನು ಕೆಟ್ಟವನಲ್ಲ, ಲೆಕ್ಕ ಬಲ್ಲವನು. “ಅಕ್ಕ, ಆ ಹೊಲದಿಂದ ವರ್ಷಕ್ಕೆ ಬರೋದು ಎಷ್ಟು, ಹೋಗೋದು ಎಷ್ಟು, ನೀನೇ ಲೆಕ್ಕ ಹಾಕು. ಅಪ್ಪನ ಮಂಡಿ ನೋವು ನೋಡು. ನಾನ್ ಹೇಳಿದ್ರೆ ಜಗಳ ಆಗುತ್ತೆ. ನೀನು ಹೇಳು, ನಿನ್ನ ಮಾತು ಕೇಳುತ್ತೆ” ಅಂದ. ನಾನೂ ಲೆಕ್ಕ ಹಾಕಿದೆ. ತಮ್ಮ ಹೇಳಿದ್ದೇ ಸರಿ ಅನ್ನಿಸಿತು.

2024ರ ಜೂನ್ 15ರಿಂದ 17, ಶನಿವಾರ-ಭಾನುವಾರಕ್ಕೆ ಬಕ್ರೀದ್ ರಜೆ ಸೇರಿ ಮೂರು ದಿನ ಸಿಕ್ಕಿತು. ಮಂಗಳವಾರಕ್ಕೆ ಒಂದು ರಜೆ ಹಾಕಿದೆ. ಹೋಮ್‌ಸ್ಟೇ ಅರ್ಧ ರೇಟಿಗೆ ಸಿಕ್ಕಿತು. ಯಾಕೆ ಅರ್ಧ ರೇಟು ಅಂತ ಆಗ ಯೋಚಿಸಲಿಲ್ಲ. ಧರ್ಮಸ್ಥಳ, ಕುಕ್ಕೆಗೆ ಎಷ್ಟೋ ಸಲ ಹೋಗಿದ್ದರೂ ಅಪ್ಪ-ಅವ್ವ ಒಮ್ಮೆಯೂ ಸಮುದ್ರ ನೋಡಿರಲಿಲ್ಲ. ದರ್ಶನ, ಊಟ, ವಾಪಸ್ಸು. ಮನೆಯಲ್ಲಿ ಹಸು ಇತ್ತಲ್ಲ. ಸಮುದ್ರ ತೋರಿಸಿ, ಮನಸ್ಸು ಹಗುರ ಮಾಡಿ, ಆಮೇಲೆ ಮಾತು ತೆಗೆಯೋಣ ಎಂಬುದು ನನ್ನ ಪ್ಲಾನ್. ಆಫೀಸಿನಲ್ಲಿ ಇದನ್ನು ಸ್ಟೇಕ್‌ಹೋಲ್ಡರ್ ಮ್ಯಾನೇಜ್‌ಮೆಂಟ್ ಅನ್ನುತ್ತಾರೆ.

ಒಂದೇ ನಂಬರಿನ ರಸ್ತೆ

ನಮ್ಮ ಮದ್ದೂರಿನ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 275 ಮೈಸೂರಿಗೆ ಮುಗಿಯುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ, ಸುಳ್ಯ, ಪುತ್ತೂರು ದಾಟಿ ಬಂಟ್ವಾಳಕ್ಕೆ ಮುಟ್ಟುತ್ತದೆ. ಇದನ್ನು ಹೇಳಿದಾಗ ಅಪ್ಪ, “ಅಂದ್ರೆ ನಮ್ ಬಸ್‌ಸ್ಟ್ಯಾಂಡ್ ಮುಂದಿನ ರೋಡ್ನಾಗೇ ನಡ್ಕೊಂಡೋದ್ರೆ ಸಮುದ್ರದ ಪಕ್ಕಕ್ ಓಯ್ತೀವಾ?” ಅಂದ. ಹೆಚ್ಚುಕಮ್ಮಿ ಹೌದು.

ಬೆಳಿಗ್ಗೆ ನಾಲ್ಕೂವರೆಗೆ ಹೊರಟೆವು. ಡ್ರೈವಿಂಗ್ ನನ್ನದು. ಹಿಂದಿನ ಸೀಟಿನಲ್ಲಿ ಅವ್ವ, ಅವಳ ಪಕ್ಕ ಐದು ಕೇಜಿ ರಾಗಿಹಿಟ್ಟಿನ ಚೀಲ ಮತ್ತು ಮದ್ದೂರು ವಡೆಯ ಪೊಟ್ಟಣ. “ಅಲ್ಲಿ ಏನ್ ಸಿಕ್ತದೋ ಏನೋ” ಎಂಬ ಸಮಜಾಯಿಷಿ.

ಕೊಪ್ಪ ದಾಟಿ ಕುಶಾಲನಗರದ ಸೇತುವೆ ಬಂದಾಗ ಅಪ್ಪ ಕಾರು ನಿಲ್ಲಿಸು ಅಂದ. ಕೆಳಗೆ ಕಾವೇರಿ. ಬಂಡೆಗಳ ಮಧ್ಯೆ ಸಣ್ಣಗೆ ಹರಿಯುತ್ತಿದ್ದಳು. ಅಪ್ಪ ಕಂಬಿ ಹಿಡಿದುಕೊಂಡು ನೋಡಿ, ಏನೂ ಹೇಳದೆ ಬಂದು ಕೂತ. ಹತ್ತು ನಿಮಿಷ ಬಿಟ್ಟು, “ಇನ್ನೂ ಮೇಲ್ಗಡೆ ಬಿದ್ದಿಲ್ಲ” ಅಂದ. ಮಳೆಯ ವಿಷಯ.

ಮಡಿಕೇರಿ ಬಿಟ್ಟು ಸಂಪಾಜೆ ಘಾಟಿ ಇಳಿಯುವಾಗ ಮಂಜು, ತುಂತುರು, ಆಮೇಲೆ ವೈಪರ್ ಸಾಲದಷ್ಟು ಮಳೆ. ಮಂಡ್ಯದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಾದರೆ ಉಡುಪಿ ಕಡೆ ಸುಮಾರು 4,000. ನಾವು ಒಂದು ಹಗಲಿನಲ್ಲಿ ಆ ವ್ಯತ್ಯಾಸದೊಳಗೆ ಇಳಿದು ಹೋಗುತ್ತಿದ್ದೆವು. ಅವ್ವ ಕಿಟಕಿಗೆ ಮುಖ ಒತ್ತಿ, “ಒಂದಿನದ್ದು ನಮ್ಗೆ ಕೊಟ್ಟಿದ್ರೆ ಏನಾಗ್ತಿತ್ತು” ಅಂದಳು.

ಬರಿಗೈ ಗಾಳಿ, ಮೂಟೆ ಗಾಳಿ

ಈಗ ಮತ್ತೆ ಆ ಬಲೆಯ ಹತ್ತಿರಕ್ಕೆ ಬರೋಣ. ಬೋಟಿಲ್ಲ, ನೀರಿಗಿಳಿಯಂಗಿಲ್ಲ. ನಾನು ಮುಖ ಸಣ್ಣ ಮಾಡಿಕೊಂಡು ನಿಂತಿದ್ದೆ. ಅಷ್ಟರಲ್ಲಿ ಅಪ್ಪನ ಹೆಗಲ ಮೇಲಿನ ಟವಲ್ಲು ಹಾರಿ ಬಲೆಯ ಆಚೆ ಬಿತ್ತು. ಲೈಫ್‌ಗಾರ್ಡ್ ಓಡಿಹೋಗಿ ತಂದುಕೊಟ್ಟು, “ಯಜಮಾನ್ರೆ, ಕಟ್ಟಿಕೊಳ್ಳಿ ಇದನ್ನು, ಇಲ್ಲದಿದ್ರೆ ಮಂಗಳೂರಿಗೆ ಹೋಗ್ತದೆ” ಅಂದ. ಅಪ್ಪ ಅದನ್ನು ತಲೆಗೆ ಸುತ್ತಿಕೊಂಡ. ಹೊಲಕ್ಕೆ ಹೋಗುವಾಗ ಸುತ್ತಿಕೊಳ್ಳುವ ಹಾಗೇ.

ಅಪ್ಪ ಅಲ್ಲಿವರೆಗೆ ನೋಡಿದ್ದ ದೊಡ್ಡ ನೀರೆಂದರೆ ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿ. ಕಡಲು ನೋಡಿ ಬಾಯಿ ಬಿಡುತ್ತಾನೆ ಅಂದುಕೊಂಡಿದ್ದೆ. ಆದರೆ ಅವನು ನೀರು ನೋಡುತ್ತಲೇ ಇರಲಿಲ್ಲ. ತಲೆ ಎತ್ತಿ ಮೋಡ ನೋಡುತ್ತಿದ್ದ. ಬೆರಳನ್ನು ಬಾಯಿಗೆ ಹಾಕಿ ಒದ್ದೆ ಮಾಡಿ ಮೇಲಕ್ಕೆ ಹಿಡಿದ.

“ಪಡುವಲ ಗಾಳಿ” ಅಂದ. “ಇದು ನಮ್ ಆಸಾಡದ ಗಾಳಿ ಕಣವ್ವ.”

ನಮ್ಮ ಸೀಮೆಯಲ್ಲಿ ಆಷಾಢದ ಗಾಳಿ ಅಂದರೆ ಎಲ್ಲರಿಗೂ ಗೊತ್ತು. ಬಾಳೆ ಎಲೆ ಸೀಳುತ್ತದೆ, ಕೊಟ್ಟಿಗೆಯ ಶೀಟು ಹಾರಿಸುತ್ತದೆ, ಕಣ್ಣಿಗೆ ಧೂಳು ತುಂಬುತ್ತದೆ, ಒಂದು ಹನಿ ಮಳೆ ಮಾತ್ರ ಹಾಕುವುದಿಲ್ಲ. ಚಿಕ್ಕವರಿದ್ದಾಗ ನಮಗೆ ಅದು ಗಾಳಿಪಟದ ಗಾಳಿ. ಆದರೆ ಊರಿನ ಹಿರಿಯರು ಆ ಗಾಳಿ ಜೋರಾದಷ್ಟೂ ಖುಷಿಯಾಗುತ್ತಿದ್ದರು. “ಕೊಡಗಲ್ಲಿ ಚೆನ್ನಾಗ್ ಉಯ್ತಾ ಅದೆ” ಅನ್ನುತ್ತಿದ್ದರು. ಇಲ್ಲಿ ಧೂಳು ಎದ್ದರೆ ಅಲ್ಲಿ ಮಳೆ ಹೇಗೆ ಅಂತ ನಾನು ಒಂದು ದಿನವೂ ಕೇಳಿರಲಿಲ್ಲ.

ಶಾಲೆಯಲ್ಲಿ ನೈಋತ್ಯ ಮಾನ್ಸೂನ್ ಅಂತ ಓದಿ ನಾಲ್ಕು ಅಂಕ ತೆಗೆದುಕೊಂಡವಳು ನಾನು. ಅರಬ್ಬಿ ಸಮುದ್ರದ ಮೇಲಿಂದ ತೇವ ಹೊತ್ತ ಗಾಳಿ ಬರುತ್ತದೆ, ಘಟ್ಟಕ್ಕೆ ಅಡ್ಡ ಸಿಕ್ಕಿ ಮೇಲೇರುತ್ತದೆ, ತಣ್ಣಗಾಗಿ ಮಳೆ ಸುರಿಸುತ್ತದೆ, ಘಟ್ಟ ದಾಟಿದ ಮೇಲೆ ಒಣಗಾಳಿಯಾಗಿ ನಮ್ಮ ಮೈದಾನಕ್ಕೆ ಇಳಿಯುತ್ತದೆ. ಮಳೆ ನೆರಳಿನ ಪ್ರದೇಶ. ಉತ್ತರ ಪತ್ರಿಕೆಯಲ್ಲಿ ಬಾಣದ ಗುರುತು ಹಾಕಿ ಚಿತ್ರವನ್ನೂ ಬರೆದಿದ್ದೆ. ಆ ಬಾಣ ನಮ್ಮ ಕೊಟ್ಟಿಗೆ ಶೀಟಿನ ಮೇಲೆ ಮುಗಿಯುತ್ತದೆ ಅಂತ ಮಾತ್ರ ಹೊಳೆದಿರಲಿಲ್ಲ.

ಅಪ್ಪ ಯಾವ ಚಿತ್ರವನ್ನೂ ಬರೆದವನಲ್ಲ. “ನಮ್ಮೂರ್ಗೆ ಬರೋ ಒತ್ಗೆ ಇದು ಬರಿಗೈಲಿ ಬತ್ತದೆ. ಇಲ್ ನೋಡು, ಎಂಗ್ ಮೂಟೆ ಒತ್ಕೊಂಡ್ ಬತ್ತಾ ಅದೆ” ಅಂದ. ಮೂಟೆ ಅಂದದ್ದು ಮೋಡವನ್ನು. ಒಂದರ ಹಿಂದೆ ಒಂದು, ಆಲೆಮನೆಗೆ ಸಾಲು ಹಿಡಿದ ಕಬ್ಬಿನ ಗಾಡಿಗಳ ಹಾಗೆ ಅವು ಪೂರ್ವಕ್ಕೆ ಹೋಗುತ್ತಿದ್ದವು.

ಅವತ್ತು ಒಂದೂವರೆ ಗಂಟೆ ಅಲ್ಲೇ ನಿಂತೆವು. ಏಳು ತಿಂಗಳಲ್ಲಿ ಅಪ್ಪ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಜಮೀನಿನ ವಿಷಯ ನಾಳೆ ತೆಗೆಯೋಣ ಅಂದುಕೊಂಡೆ.

ಕಟ್ಟಿಹಾಕಿದ ಬೋಟುಗಳು

ಉಳಿದುಕೊಂಡಿದ್ದು ಪಡುಕೆರೆಯಲ್ಲಿ, ಒಂದು ಕಡೆ ಕಡಲು, ಇನ್ನೊಂದು ಕಡೆ ಉದ್ಯಾವರ ಹೊಳೆ. ರಾತ್ರಿಯೆಲ್ಲ ತೆಂಗಿನ ಗರಿಗಳು ಹೊಡೆದುಕೊಳ್ಳುವ ಸದ್ದು, ಅದರ ಹಿಂದೆ ಅಲೆಗಳ ಸದ್ದು. ಬೆಳಿಗ್ಗೆ ಅಪ್ಪ ನನಗಿಂತ ಮುಂಚೆ ಎದ್ದು ಹೊರಟು ನಿಂತಿದ್ದ. “ಇಲ್ಲಿ ಬೋಟ್ ನಿಲ್ಸೋ ಜಾಗ ಐತಂತಲ್ಲ, ಒಸಿ ನೋಡ್ಕಂಡ್ ಬರಾವ.”

ಮಲ್ಪೆ ಬಂದರು ಕರ್ನಾಟಕದ ದೊಡ್ಡ ಮೀನುಗಾರಿಕೆ ಬಂದರುಗಳಲ್ಲಿ ಒಂದು. ಬೇರೆ ದಿನಗಳಲ್ಲಿ ಬೆಳಗ್ಗೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲವಂತೆ. ನಾವು ಹೋದಾಗ ಕೂಗಾಟವಿಲ್ಲ, ಐಸ್ ಲಾರಿಗಳಿಲ್ಲ. ಬೋಟುಗಳು ಒಂದಕ್ಕೊಂದು ಮೈ ತಾಗಿಸಿಕೊಂಡು ಸಾಲು ಸಾಲಾಗಿ ನಿಂತಿದ್ದವು, ಜಾತ್ರೆ ಮುಗಿದ ಮೇಲೆ ಕಟ್ಟಿಹಾಕಿದ ಎತ್ತುಗಳ ಹಾಗೆ.

ಒಂದು ಶೆಡ್ಡಿನ ಕೆಳಗೆ ಐವತ್ತರ ಆಸುಪಾಸಿನ ಒಬ್ಬರು ಬಲೆ ಹರವಿಕೊಂಡು ಹರಿದ ಕಡೆ ಹೆಣೆಯುತ್ತಿದ್ದರು. ಅಪ್ಪ ಹೆಸರು, ಊರು ಏನೂ ಕೇಳದೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಎಲೆಅಡಿಕೆ ಚೀಲ ಬಿಚ್ಚಿದ. ಅವರೂ ಏನೂ ಕೇಳದೆ ಒಂದು ಎಲೆ ತೆಗೆದುಕೊಂಡರು. ಈ ವಿದ್ಯೆ ನಮ್ಮ ತಲೆಮಾರಿಗೆ ಬರಲಿಲ್ಲ ನೋಡಿ.

“ಯಾಕ್ ಎಲ್ಲ ನಿಂತವೆ?”

“ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಬೋಟು ಹೋಗ್ಲಿಕ್ಕಿಲ್ಲ. 61 ದಿನ. ಮೀನು ಮೊಟ್ಟೆ ಇಡುವ ಸಮಯ ಅಲ್ವಾ? ಗಾಳಿಯೂ ಹೀಗುಂಟು.”

“ಅಲ್ಗಂಟ ಒಟ್ಟೆಗೆ?”

“ಎಂತ ಮಾಡುದು? ಹತ್ತು ತಿಂಗಳಲ್ಲಿ ಉಳಿಸಿದ್ದು ತಿನ್ನುದು. ಬಲೆ ಸರಿ ಮಾಡುದು, ಇಂಜಿನ್ ಬಿಚ್ಚಿ ನೋಡುದು, ಬಣ್ಣ ಹೊಡೆಯುದು. ನಾಡದೋಣಿಯವರು ಕಡಲು ನೋಡಿಕೊಂಡು ಹೋಗ್ತಾರೆ. ಮತ್ತೆ ಹೊರಡುವ ಮೊದಲು ಸಮುದ್ರಕ್ಕೆ ಪೂಜೆ ಉಂಟು. ಹಾಲು, ತೆಂಗಿನಕಾಯಿ.”

“ನಮ್ದೂ ಅಂಗೇ” ಅಂದ ಅಪ್ಪ. “ಕಟ್ಟೆ ತುಂಬಿದ್ ಮೇಲೆ ಬಾಗಿನ ಬುಡ್ತೀವಿ.” ಆಮೇಲೆ ನಾಲೆಯ ನೀರಿನ ಕಟ್ಟು ಪದ್ಧತಿ ವಿವರಿಸಿದ. ಇಷ್ಟು ದಿನ ನೀರು ಬಿಡೋದು, ಇಷ್ಟು ದಿನ ನಿಲ್ಲಿಸೋದು. ಅವರು ಬಲೆ ಪಕ್ಕಕ್ಕಿಟ್ಟು ಕೇಳಿಸಿಕೊಂಡರು. ಮಂಡ್ಯದ ಗಲಾಟೆಯನ್ನು ಟಿವಿಯಲ್ಲಿ ನೋಡಿದ್ದರಂತೆ. “ನಿಮ್ಗೆ ನೀರಿಲ್ಲದ್ದು, ನಮ್ಗೆ ನೀರು ಹೆಚ್ಚಾದದ್ದು” ಅಂತ ನಕ್ಕರು.

ವಡೆ, ಮುದ್ದೆ, ಒಣಮೀನು

ಮಧ್ಯಾಹ್ನ ಉಡುಪಿಗೆ ಹೋಗಿ ಕೃಷ್ಣನ ದರ್ಶನ ಮಾಡಿದೆವು. ರಥಬೀದಿಯಲ್ಲಿ ಕೊಡೆ ಬಿಚ್ಚಿದ ಕೂಡಲೇ ಗಾಳಿ ಅದನ್ನು ತಿರುಗಿಸಿ ಹೂವಿನ ಹಾಗೆ ಮಾಡಿಟ್ಟಿತು. ನಿಮಗೊಂದು ಮಾತು: ಜೂನ್‌ನಲ್ಲಿ ಕರಾವಳಿಗೆ ಹೋಗುವುದಾದರೆ ಕೊಡೆ ನಂಬಬೇಡಿ, ರೇನ್‌ಕೋಟ್ ಒಯ್ಯಿರಿ. ಕನಕನ ಕಿಂಡಿಯ ಮುಂದೆ ಅಪ್ಪ ಜಾಸ್ತಿ ಹೊತ್ತು ನಿಂತ. ಬಿಸಿ ಗೋಳಿಬಜೆ ತಿಂದು, ಅವ್ವ “ಇದು ಮೆತ್ಗದೆ, ನಮ್ ವಡೆ ಅಂಗೆ ಕಟುಂ ಅನ್ನಾಕಿಲ್ಲ” ಅಂತ ತೀರ್ಪು ಕೊಟ್ಟಳು.

ಆದರೆ ಆ ಹೆಮ್ಮೆಗೂ ಒಂದು ತಿರುವಿದೆ. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ಮೊದಲು ಆ ವಡೆ ಮಾಡಿದ್ದು ರಾಮಚಂದ್ರ ಬುಧ್ಯ ಅನ್ನುವವರಂತೆ, ಅವರು ಕುಂದಾಪುರದ ಕಡೆಯವರಂತೆ. ರಾತ್ರಿ ಹೋಮ್‌ಸ್ಟೇ ನಡೆಸುವ ಅಕ್ಕನಿಗೆ ಪೊಟ್ಟಣ ಬಿಚ್ಚಿ ಕೊಡುತ್ತಾ ಇದನ್ನು ಹೇಳಿದೆ. ಅವರು ಒಂದು ತುಂಡು ಮುರಿದು ತಿಂದು, “ಹಾಗಾದ್ರೆ ಇದು ತವರಿಗೆ ಬಂತು ಅಲ್ವಾ” ಅಂದರು. ಅವ್ವನ ಮುಖ ನೋಡಬೇಕಿತ್ತು. ನಮ್ಮೂರಿನ ಹೆಸರು ಹೊತ್ತ ಒಂದೇ ಒಂದು ತಿಂಡಿ, ಅದೂ ಹೊರಗಿನಿಂದ ಬಂದ ಸೊಸೆ!

ಹಸಿ ಮೀನು ಕೇಳಿದ್ದಕ್ಕೆ ಅಕ್ಕ ನಕ್ಕುಬಿಟ್ಟರು. ಬೇಸಿಗೆಯಲ್ಲಿ ಒಣಗಿಸಿಟ್ಟಿದ್ದ ಒಣಮೀನು ಇತ್ತು. ಅವರು ಸಾರು ಮಾಡಿದರು, ಅವ್ವ ಅವರ ಒಲೆಯ ಮೇಲೆ ಮುದ್ದೆ ತೊಳೆಸಿದಳು. ಪಕ್ಕದಲ್ಲಿ ಕೆಸುವಿನೆಲೆಯ ಪತ್ರೊಡೆ. ಅದು ಮಳೆಗಾಲದಲ್ಲೇ ಮಾಡುವ ತಿಂಡಿ, ಡಿಸೆಂಬರ್‌ನಲ್ಲಿ ಬೀಚಿಗೆ ಹೋಗುವವರಿಗೆ ಸುಲಭಕ್ಕೆ ಸಿಗುವುದಿಲ್ಲ. ಕರೆಂಟು ಹೋಯಿತು, ಕ್ಯಾಂಡಲ್ ಹಚ್ಚಿದರೆ ಗಾಳಿ ಆರಿಸಿತು, ಕೊನೆಗೆ ಫೋನಿನ ಟಾರ್ಚ್‌ನಲ್ಲಿ ಉಂಡೆವು. ನನ್ನ ಪಟ್ಟಿಯ ಐದನೆಯದನ್ನು ಹೊಡೆದು ಹಾಕಲು ಮನಸ್ಸಾಗಲಿಲ್ಲ, ತಿದ್ದಿದೆ.

ರಸ್ತೆಯಷ್ಟೇ ದೂರ

ಸೋಮವಾರ ಬೆಳಿಗ್ಗೆ ಉತ್ತರಕ್ಕೆ, ಮರವಂತೆಗೆ. ಉಡುಪಿಯಿಂದ ಒಂದು ಗಂಟೆಯ ದಾರಿ. ಹೆದ್ದಾರಿ 66ರ ಎಡಗಡೆ ಅರಬ್ಬಿ ಸಮುದ್ರ, ಬಲಗಡೆ ಸೌಪರ್ಣಿಕಾ ನದಿ. ಮಳೆಗಾಲದಲ್ಲಿ ಎಡಗಡೆಯ ಅಬ್ಬರಕ್ಕೂ ಬಲಗಡೆಯ ಮೌನಕ್ಕೂ ಸಂಬಂಧವೇ ಇಲ್ಲದ ಹಾಗಿರುತ್ತದೆ. ಅಲೆ ಕಲ್ಲಿಗೆ ಬಡಿದು ಎದ್ದ ನೀರಿನ ಹುಡಿ ಕಾರಿನ ಗಾಜಿನ ಮೇಲೆ ಉಪ್ಪಾಗಿ ಕೂರುತ್ತಿತ್ತು.

ನದಿ ಇಷ್ಟು ಹತ್ತಿರ ಬಂದು, ರಸ್ತೆಯಷ್ಟು ಅಗಲ ಬಾಕಿ ಇರುವಾಗ, ತಿರುಗಿ ಗಂಗೊಳ್ಳಿಯ ಕಡೆ ಹೋಗಿ ಸಮುದ್ರ ಸೇರುತ್ತದೆ. ಅಪ್ಪನಿಗೆ ಇದನ್ನು ತೋರಿಸಿ, ಕಾವೇರಿಯದೂ ಹಾಗೇ ಅಂದೆ. ತಲಕಾವೇರಿಯಿಂದ ಪಶ್ಚಿಮದ ಕಡಲು ದೂರವೇನಲ್ಲ. ಆದರೂ ಅವಳು ಬೆನ್ನು ತಿರುಗಿಸಿ, ಕನ್ನಂಬಾಡಿ, ಶಿವನಸಮುದ್ರ ದಾಟಿ, ಹತ್ತಿರ ಹತ್ತಿರ 800 ಕಿಲೋಮೀಟರ್ ನಡೆದು ಪೂರ್ವದ ಕಡಲಿಗೆ ಹೋಗುತ್ತಾಳೆ.

ಅಪ್ಪ ಸುಮಾರು ಹೊತ್ತು ಲೆಕ್ಕ ಹಾಕಿದ. ಆಮೇಲೆ, “ಅಂದ್ರೆ ಈ ಕಡ್ಲಿಂದ ಎದ್ದಿದ್ ನೀರು ಆ ಕಡ್ಲಿಗ್ ಓಗೋ ದಾರೀಲಿ ನಮ್ ಒಲ ಐತೆ” ಅಂದ.

ಬಾಯಿ ಬಿಟ್ಟು ನಗು ಬಂತು ಅವನಿಗೆ. ನನಗೆ ಮಾತ್ರ ಹೊಟ್ಟೆಯೊಳಗೆ ಕಲ್ಲು ಇಟ್ಟಂತಾಯಿತು.

ಕಾಪು ಬಂಡೆಯ ಮೇಲೆ

ಸಂಜೆ ದಕ್ಷಿಣಕ್ಕೆ, ಕಾಪು. ಅವ್ವ ಮೊದಲು ಮಾರಿಗುಡಿಗೆ ಹೋಗಿ ಕೈಮುಗಿದು, “ನಮ್ಮೂರ್ ಮಾರಮ್ಮನ ಅಕ್ಕನೇ ಇರ್ಬೇಕು” ಅಂದಳು. ಆಮೇಲೆ ಕಡಲ ದಂಡೆ. 1901ರಲ್ಲಿ ಕಟ್ಟಿದ ದೀಪಸ್ತಂಭ ಒಂದು ದೊಡ್ಡ ಬಂಡೆಯ ಮೇಲೆ ನಿಂತಿದೆ. ಗಾಳಿಗೆ ಅವ್ವ ಕಾರಿನಲ್ಲೇ ಉಳಿದಳು. ನಾನು, ಅಪ್ಪ ಬುಡದ ಹತ್ತಿರ ಮರೆ ಇರುವ ಕಡೆ ಕೂತೆವು. ನಾಳೆ ವಾಪಸ್ಸು. ಮಾತು ತೆಗೆಯಲು ಉಳಿದಿದ್ದು ಅದೊಂದೇ ಸಂಜೆ.

ತೆಗೆದದ್ದು ಅಪ್ಪನೇ. “ನಿನ್ ತಮ್ಮ ಏನ್ ಏಳ್ ಕಳ್ಸವ್ನೆ, ಏಳ್ಬುಡವ್ವ. ಮೂರ್ ದಿನದಿಂದ ನುಂಗ್ತಾ ಇದ್ದೀಯಾ.”

ಹೇಳಿದೆ. ಬ್ರೋಕರ್ ಹೇಳಿದ ರೇಟು, ತಮ್ಮನ ಸಾಲ, ಅವನ ಮಂಡಿ, ಹೋದ ವರ್ಷದ ಕಬ್ಬು. ಗಾಳಿಯಲ್ಲಿ ಅರ್ಧ ಮಾತು ಹಾರಿಹೋಗಿ ಎರಡೆರಡು ಸಲ ಹೇಳಬೇಕಾಯಿತು. ಕೆಲವು ಮಾತುಗಳನ್ನು ಕೂಗಿ ಹೇಳಿದರೆ ಎಷ್ಟು ಕೆಟ್ಟದಾಗಿ ಕೇಳಿಸುತ್ತವೆ ಅಂತ ಅವತ್ತು ಗೊತ್ತಾಯಿತು.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. “ನಿನ್ನೆ ಆ ಮನ್ಸ ಬೋಟ್‌ಗುಳ್ನ ಏನ್ ಮಾಡವ್ರೆ ಅಂದ? ಕಟ್ಟಾಕಿದ್ದೀವಿ ಅಂದ್ನೋ, ಮಾರಾಕಿದ್ದೀವಿ ಅಂದ್ನೋ?”

ನನಗೂ ರೇಗಿತು. “ಅಪ್ಪ, ಅವರಿಗೆ ಆಗಸ್ಟ್ ಒಂದು ಅಂತ ತಾರೀಕು ಗೊತ್ತು. ನಿನಗೆ ಯಾವ ತಾರೀಕು ಗೊತ್ತು? ಈ ವರ್ಷವೂ ತುಂಬದಿದ್ರೆ?”

ಅವನು ಬಯ್ಯುತ್ತಾನೆ ಅಂದುಕೊಂಡೆ. ಬಯ್ಯಲಿಲ್ಲ. ತುಂಬ ಹೊತ್ತು ಕಡಲು ನೋಡುತ್ತಾ ಕೂತಿದ್ದು, “ಅದು ದಿಟ. ನಂಗ್ ತಾರೀಕ್ ಗೊತ್ತಿಲ್ಲ” ಅಂದ. ಅಷ್ಟು ಸಣ್ಣ ದನಿಯಲ್ಲಿ ಅಪ್ಪ ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ವಾದದಲ್ಲಿ ಗೆದ್ದಿದ್ದೆ. ಎದ್ದು ಕಾರಿಗೆ ಹೋಗಿಬಿಡೋಣ ಅನ್ನಿಸಿತು.

ಆಮೇಲೆ ಅವನೇ ಅಂದ: “ಈ ಒಂದ್ ಮುಂಗಾರು ನೋಡ್ತೀನಿ. ಕಟ್ಟೆ ತುಂಬ್ನಿಲ್ಲ ಅಂದ್ರೆ ನಾನೇ ಬಂದ್ ರುಜು ಆಕ್ತೀನಿ. ನಿನ್ ತಮ್ಮನ್ಗೆ ಏಳು.”

ಆಮೇಲೆ

ಮಂಗಳವಾರ ವಾಪಸ್ಸು ಬರುವಾಗ ಕುಶಾಲನಗರದ ಸೇತುವೆಯ ಮೇಲೆ ಮತ್ತೆ ನಿಲ್ಲಿಸಿದೆವು. “ಒಸಿ ಕೆಂಪಾಗವ್ಳೆ” ಅಂದ ಅಪ್ಪ. ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ.

ಆಗ ಕಟ್ಟೆಯಲ್ಲಿ ನೀರು ನೂರು ಅಡಿಗಿಂತ ಎಷ್ಟೋ ಕೆಳಗಿತ್ತು. ಭರ್ತಿ ಅಂದರೆ 124.80. ಮಂಡ್ಯದ ಕಡೆಯವರು ಬೆಳಿಗ್ಗೆ ಎದ್ದು ಚಿನ್ನದ ರೇಟು ನೋಡದಿದ್ದರೂ ಈ ನಂಬರ್ ನೋಡುತ್ತಾರೆ. ಬೆಂಗಳೂರಿಗೆ ಬಂದ ಹತ್ತು ವರ್ಷದಲ್ಲಿ ನಾನು ಆ ಅಭ್ಯಾಸ ಬಿಟ್ಟಿದ್ದೆ. ಆ ಜುಲೈನಲ್ಲಿ ಮತ್ತೆ ಹಿಡಿಯಿತು. ಸ್ಟ್ಯಾಂಡಪ್ ಮೀಟಿಂಗ್ ನಡೆಯುವಾಗ ಮೇಜಿನ ಕೆಳಗೆ ಫೋನ್. ಏರಿದರೆ ಅಪ್ಪನಿಗೆ ಖುಷಿ, ತಮ್ಮನಿಗೆ ನಷ್ಟ. ಏರದಿದ್ದರೆ ಉಲ್ಟಾ. ನಾನು ಯಾವ ಕಡೆ ಅಂತ ನನಗೇ ಗೊತ್ತಾಗುತ್ತಿರಲಿಲ್ಲ, ಆದರೆ ಏರಿದ ದಿನ ಊಟ ರುಚಿಸುತ್ತಿತ್ತು.

ಮಳೆ ಬಂತು. ಬರಬಾರದ ಹಾಗೂ ಬಂತು. ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು. ನಾವು ಮರವಂತೆಗೆ ಹೋಗಿದ್ದ ಅದೇ ಹೆದ್ದಾರಿ 66. ಜುಲೈ 30ಕ್ಕೆ ವಯನಾಡಿನಲ್ಲಿ ಊರಿಗೆ ಊರೇ ಕೊಚ್ಚಿಹೋಯಿತು. ಅಷ್ಟರಲ್ಲಿ ನಮ್ಮ ಕಟ್ಟೆ ತುಂಬಿತ್ತು, ಬಾಗಿನವೂ ಆಗಿತ್ತು. ಫೋನ್ ಮಾಡಿದರೆ ಅಪ್ಪ ಕುಣಿಯುತ್ತಿರುತ್ತಾನೆ ಅಂದುಕೊಂಡಿದ್ದೆ. “ಟಿವಿ ನೋಡ್ದಾ? ಮೂಟೆ ಅಲ್ಲೇ ಒಡ್ದೋಯ್ತು ಕಣವ್ವ” ಅಂದ. ಹೆಚ್ಚು ಮಾತಾಡಲಿಲ್ಲ.

ಆಗಸ್ಟ್‌ನಲ್ಲಿ ನಾಲೆಯ ಕೊನೆಗೂ ನೀರು ಬಂತು. ಅಪ್ಪ ಅರ್ಧ ಎಕರೆಗೆ ಭತ್ತ ನಾಟಿ ಮಾಡಿದ, ಉಳಿದದ್ದಕ್ಕೆ ರಾಗಿ. ಕಬ್ಬಿನ ಮೇಲೆ ಪೂರ್ತಿ ನಂಬಿಕೆ ಇಡುವುದನ್ನು ಬಿಟ್ಟಿದ್ದಾನೆ. ತಮ್ಮ ದೊಡ್ಡ ಸಾಲವನ್ನೇ ತೆಗೆದುಕೊಂಡ, ಅದರ ಕಂತಿನಲ್ಲಿ ಒಂದು ಪಾಲು ನಾನು ಕಟ್ಟುತ್ತೇನೆ. ಮೂರು ತಿಂಗಳು ಅವನು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಅಪ್ಪನ ಮಂಡಿ ಇನ್ನೂ ಹಾಗೇ ಇದೆ. 2025ರಲ್ಲಂತೂ ಜೂನ್ 30ಕ್ಕೇ ಬಾಗಿನ ಬಿಟ್ಟರು. ಎರಡು ವರ್ಷ ತುಂಬಿತು ಅಂತ ಮೂರನೆಯದಕ್ಕೆ ಯಾರೂ ರುಜು ಹಾಕಿಕೊಟ್ಟಿಲ್ಲ. ಅಪ್ಪನ ನಂತರ ಆ ಹೊಲದಲ್ಲಿ ಯಾರು ನಿಲ್ಲುತ್ತಾರೆ ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ಇವತ್ತಿಗೂ ಉತ್ತರವಿಲ್ಲ.

ಸೇಂಟ್ ಮೇರೀಸ್‌ನ ಕಲ್ಲಿನ ಕಂಬಗಳನ್ನು ನಾನಿನ್ನೂ ನೋಡಿಲ್ಲ. ನೀರಿಗಿಳಿದು ಆಡುವ ಆಸೆ ಇದ್ದವರು ನವೆಂಬರ್ ಮೇಲೆ ಹೋಗಿ. ಅಪ್ಪ-ಅವ್ವನನ್ನು ಕರೆದುಕೊಂಡು ಹೋಗುವುದಾದರೆ, ಅದರಲ್ಲೂ ನಮ್ಮ ಹಾಗೆ ಕಟ್ಟೆ ನೀರಿನ ಕಡೆಯವರಾದರೆ, ಜೂನ್‌ನಲ್ಲಿ ಒಮ್ಮೆ ಹೋಗಿ. ಬಲೆಯ ಈಚೆಗೇ ನಿಲ್ಲಿ, ಟವಲ್ಲು ಬಿಗಿಯಾಗಿ ಕಟ್ಟಿಕೊಳ್ಳಿ, ಬಂದರಿನಲ್ಲಿ ಬಲೆ ಹೆಣೆಯುವವರ ಪಕ್ಕ ಒಂದರ್ಧ ಗಂಟೆ ಕೂತು ಬನ್ನಿ.

ಮೊನ್ನೆ ಬೆಂಗಳೂರಿನಲ್ಲಿ ನನ್ನ ಫ್ಲ್ಯಾಟಿನ ಬಾಲ್ಕನಿ ಬಾಗಿಲು ದಡಾರನೆ ಬಡಿದುಕೊಂಡಿತು. ಕೂಡಲೇ ಊರಿಗೆ ಫೋನ್ ಮಾಡಿದೆ.

“ಅಪ್ಪ, ಅಲ್ಲಿ ಗಾಳಿ ಐತಾ?”

“ಐತೆ ಐತೆ. ಕೊಟ್ಗೆ ಶೀಟು ಕಿತ್ಕಂಡ್ ಓಗ್ತಾ ಅದೆ. ಕಲ್ ಏರ್ತಾ ಇವ್ನಿ, ಆಮೇಲ್ ಮಾಡು” ಅಂತ ಇಟ್ಟುಬಿಟ್ಟ.